ಹಳೆಯ ಟರ್ಬೊ ಕಾರಿನ ಆರೈಕೆ



ಕನ್ನಡ ಪಾಠ ಹೇಳುವ ಮೇಷ್ಟರಿಗೂ ಮೋಟಾರು ಯಂತ್ರಕ್ಕೂ ಎತ್ತಣಿಂದೆತ್ತ ಸಂಬಂಧ ಎಂದು ತಾವು ಕೇಳಬಹುದು. ಸಂಬಂಧ ಉಂಟು, ಅದು ದಂಡ ತೆತ್ತು ಕಲಿತ ಸಂಬಂಧ. ನಮ್ಮ ಮನೆಯಲ್ಲಿ ೧೩ ವರ್ಷ ವಯಸ್ಸಾದ ಡೀಸೆಲ್ ಕಾರೊಂದಿದೆ. ಹಿಂದಿನ ಯಜಮಾನರಿಂದ ನಾನು ಕೊಂಡಾಗಲೇ ಅದಕ್ಕೆ ಏಳು ತುಂಬಿತ್ತು. ಅದರ ಹಿಂಬದಿಯಲ್ಲಿ ‘ಟರ್ಬೊ’ ಎಂದು ಬರೆದಿತ್ತು. ಅದೇನೋ ಬಿರುದು ಬಾವಲಿಗಳಲ್ಲಿ ಒಂದಿರಬೇಕೆಂದು ತಿಳಿದು ಸುಮ್ಮನಿದ್ದೆ.

ಟರ್ಬೊ ಎಂದರೇನು? ಇಂಜಿನ್ನು ನಮ್ಮಂತೆಯೇ ಉಸಿರಾಡಿ ಬದುಕತಕ್ಕದ್ದು. ಎಷ್ಟು ಗಾಳಿ ಸೇದಿತೋ ಅಷ್ಟಕ್ಕೆ ತಕ್ಕ ಡೀಸೆಲನ್ನು ಮಾತ್ರ ಅದು ಚೆನ್ನಾಗಿ ಉರಿಸಬಲ್ಲದು. ಉರಿದ ಹೊಗೆಯಾದರೋ ರಭಸದಿಂದ ಹೊರಕ್ಕೆ ಹೋಗಿ ವ್ಯರ್ಥವಾಗುತ್ತದೆ. ಆ ರಭಸದಿಂದಲೇ ಒಂದು ಪುಟ್ಟ ಚಕ್ರವನ್ನು ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರದಿಂದ ಹೊಸ ಗಾಳಿಯನ್ನು ಒತ್ತಿ ತುಂಬಿದರೆ, ಸಣ್ಣ ಇಂಜಿನ್ನೂ ದೊಡ್ಡದರಂತೆ ಎಳೆಯುತ್ತದೆ. ಈ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬ್ಯೂಕಿ ೧೯೦೫ರಲ್ಲಿಯೇ ಪೇಟೆಂಟ್ ಪಡೆದಿದ್ದ. ಇಂದಿನ ಕಾರುಗಳಲ್ಲಿ ಆ ಅಚ್ಚು ನಿಮಿಷಕ್ಕೆ ಒಂದು ಲಕ್ಷಕ್ಕೂ ಮಿಕ್ಕಿ ಸುತ್ತುತ್ತದೆ. ಒಂದು ತುದಿಗೆ ಹೊರಗಿನ ತಂಪುಗಾಳಿ. ಇನ್ನೊಂದು ತುದಿಗೆ ಏಳುನೂರು ಡಿಗ್ರಿಯನ್ನು ಮುಟ್ಟಬಲ್ಲ ಬೆಂಕಿಹೊಗೆ. ನಡುವೆ ಅಚ್ಚನ್ನು ಹೊತ್ತಿರುವುದು ತಲೆಗೂದಲಿಗಿಂತ ತೆಳುವಾದ ಆಯಿಲ್ ಪೊರೆ. ಆ ಪೊರೆ ಹರಿಯಿತೋ, ಕಥೆ ಮುಗಿಯಿತು.

ನನ್ನ ಕಾರಿನ ಕಥೆ ಮುಗಿದದ್ದು ೨೦೨೩ರ ಡಿಸೆಂಬರಿನಲ್ಲಿ. ಎಪ್ಪತ್ತೆಂಟರ ವಯಸ್ಸಿನ ತಾಯಿಯವರಿಗೆ ಧರ್ಮಸ್ಥಳದ ದರ್ಶನ ಮಾಡಿಸಿಕೊಂಡು ಚಾರ್ಮಾಡಿ ಘಾಟಿಯ ಮೇಲೆ ಹಿಂದಿರುಗುತ್ತಿದ್ದೆ. ನಾಲ್ಕಾರು ತಿರುವು ಹತ್ತುವಷ್ಟರಲ್ಲಿ ಎಲ್ಲಿಂದಲೋ ಸಿಳ್ಳೆ ಹೊಡೆದಂಥ ಸದ್ದು. ಕಾರು ಸೋತ ಎತ್ತಿನಂತೆ ಮುಗ್ಗರಿಸತೊಡಗಿತು. ನಾನು ಇನ್ನಷ್ಟು ತುಳಿದೆ. ಹಿಂದೆ ನೀಲಿ ಹೊಗೆ ಕವಿಯಿತು. ಎದುರಿನಿಂದ ಬಂದ ಲಾರಿಯ ಚಾಲಕ ಇಳಿದು ಓಡಿಬಂದ. “ಮೊದ್ಲು ಬಂದ್ ಮಾಡಿ ಸಾರ್! ಟರ್ಬೊ ಹೋಗಿದೆ. ಇನ್ನೂ ಓಡಿಸಿದ್ರೆ ಇಂಜಿನ್ನು ತನ್ನ ಆಯಿಲನ್ನ ತಾನೇ ಕುಡಿಯುತ್ತೆ. ಆಮೇಲೆ ಕೀಲಿ ತೆಗೆದ್ರೂ ನಿಲ್ಲಲ್ಲ” ಎಂದ. ಆತ ಹೇಳಿದ್ದು ಅಕ್ಷರಶಃ ನಿಜ. ಸೋರಿದ ಆಯಿಲ್ ಗಾಳಿಯ ದಾರಿಯಲ್ಲಿ ಒಳನುಗ್ಗಿದರೆ ಡೀಸೆಲ್ ಇಂಜಿನ್ನು ಅದನ್ನೇ ಉರಿಸಿಕೊಂಡು, ಕಡಿವಾಣ ಕಿತ್ತ ಕುದುರೆಯಂತೆ ಒಡೆಯುವವರೆಗೂ ಓಡಬಲ್ಲದು. ಆ ಪುಣ್ಯಾತ್ಮನ ಹೆಸರನ್ನು ಕೇಳಲೂ ನನಗೆ ತೋಚಲಿಲ್ಲ.

ಸಹಾಯ ಬರುವವರೆಗೆ ಮೂರು ಗಂಟೆ ಮಂಜಿನಲ್ಲಿ ಕುಳಿತೆವು. ತಾಯಿ ಒಂದು ಮಾತು ಆಡಿದವರಲ್ಲ. ಕೊನೆಗೆ ಮೆಲ್ಲಗೆ, “ಇದಕ್ಕೆ ಕೀಲೆಣ್ಣೆ ಹಾಕಿಸಿದ್ಯೇನೋ? ನಿಮ್ಮಪ್ಪ ಸಂತೆಗೆ ಗಾಡಿ ಕಟ್ಟೋ ಮುಂಚೆ ಒಂದು ದಿನಾನೂ ತಪ್ಪಿಸಿದವರಲ್ಲ” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಸಿಕ್ಕಿದ್ದು ನಮ್ಮೂರಿನ ಗ್ಯಾರೇಜಿನಲ್ಲಿ. ಟರ್ಬೊಗೆ ಆಯಿಲ್ ಒಯ್ಯುವ ಸಣ್ಣ ಕೊಳವೆಯನ್ನು ಬಿಚ್ಚಿ ಮೆಕ್ಯಾನಿಕ್ಕು ನನ್ನ ಕೈಗಿತ್ತ. ಒಳಗೆಲ್ಲ ಇದ್ದಲು ಕಟ್ಟಿತ್ತು. ಕೆಳಗಿನ ತೊಟ್ಟಿಯಲ್ಲಿ ಡಾಂಬರಿನಂಥ ಗಸಿ. “ಆಯಿಲ್ ಬದಲಾಯಿಸಿ ಎಷ್ಟು ದಿನ ಆಯ್ತು ಮೇಷ್ಟ್ರೇ?” ಎಂದ. ಎರಡು ವರ್ಷ ಕಳೆದಿತ್ತು. ಕೈಪಿಡಿಯಲ್ಲಿ ೧೦,೦೦೦ ಕಿಲೋಮೀಟರ್ ಎಂದಿದೆ, ನಾನಿನ್ನೂ ಆರು ಸಾವಿರವನ್ನೂ ಓಡಿಸಿಲ್ಲ ಎಂದು ವಾದಿಸಿದೆ. ಆತ ಕೈಪಿಡಿ ತೆರೆದು ಅದೇ ವಾಕ್ಯದ ಉಳಿದ ಭಾಗವನ್ನು ತೋರಿಸಿದ: ‘ಅಥವಾ ಒಂದು ವರ್ಷ, ಯಾವುದು ಮೊದಲೋ ಅದು.’ ವಾಕ್ಯವನ್ನು ಅರ್ಧಕ್ಕೇ ಓದಿ ಅರ್ಥ ಹೇಳುವ ಹುಡುಗರನ್ನು ಮೂವತ್ತು ವರ್ಷದಿಂದ ಗದರಿಸುತ್ತ ಬಂದವನು ನಾನು! ‘ಅಥವಾ’ ಎಂಬ ಅವ್ಯಯಕ್ಕೆ ಅರ್ಧ ತಿಂಗಳ ಸಂಬಳಕ್ಕೂ ಮೀರಿದ ಬೆಲೆಯುಂಟೆಂದು ಅಂದು ತಿಳಿಯಿತು. ಆ ದುಡ್ಡಿನಲ್ಲಿ ಹತ್ತು ಸಲ ಆಯಿಲ್ ಬದಲಾಯಿಸಬಹುದಾಗಿತ್ತು.

ಆದ್ದರಿಂದ ಮೊದಲನೆಯ ಮಾತು ಆಯಿಲಿನದು. ಕಾರು ನಿಂತಿದ್ದರೂ ಆಯಿಲ್ ಮುಪ್ಪಾಗುತ್ತದೆ. ಬಳಿ ಬಳಿಯ ಸಣ್ಣ ಓಡಾಟದಲ್ಲಂತೂ ಇಂಜಿನ್ನು ಸರಿಯಾಗಿ ಕಾಯದೆ, ಅದರಲ್ಲಿ ತೇವ ಮತ್ತು ಮಸಿ ಸೇರುತ್ತವೆ. ಹಳೆಯ ಟರ್ಬೊ ಕಾರಿಗೆ ಕೈಪಿಡಿ ಹೇಳಿದ ಗಡುವಿಗಿಂತ ಮುಂಚೆಯೇ, ಕೈಪಿಡಿ ಹೇಳಿದ ದರ್ಜೆಯ ಆಯಿಲನ್ನೇ, ಫಿಲ್ಟರಿನ ಸಮೇತ ಹಾಕಿಸುವುದು ಲೇಸು. ತಿಂಗಳಿಗೆರಡು ಸಲ ಅಳತೆಕಡ್ಡಿಯನ್ನು ಎಳೆದು ನೋಡಿ.

ಎರಡನೆಯದು ತಾಳ್ಮೆ. ಬೆಳಿಗ್ಗೆ ಇಂಜಿನ್ನು ಹೊರಟೊಡನೆ ತುಳಿಯಬೇಡಿ. ಆಯಿಲ್ ಟರ್ಬೊವರೆಗೆ ಏರಲಿ. ಘಾಟಿ ಹತ್ತಿ ಬಂದೊಡನೆ, ಹೆದ್ದಾರಿಯಲ್ಲಿ ಓಡಿ ಬಂದೊಡನೆ, ತಟ್ಟನೆ ಬಂದ್ ಮಾಡಬೇಡಿ. ಇಂಜಿನ್ನು ನಿಂತರೆ ಆಯಿಲಿನ ಹರಿವೂ ನಿಲ್ಲುತ್ತದೆ. ಕೆಂಪಗೆ ಕಾದ ಚಕ್ರದ ಬಳಿ ಉಳಿದದ್ದು ಒಲೆಯ ಮೇಲೆ ಮರೆತ ಒಗ್ಗರಣೆಯಂತೆ ಸೀದು ಇದ್ದಲಾಗುತ್ತದೆ. ಒಂದು ನಿಮಿಷ ಮೆಲ್ಲಗೆ ಓಡಲು ಬಿಟ್ಟರೆ ಸಾಕು.

ಮೂರನೆಯದು ಗಾಳಿ. ಆ ವೇಗದಲ್ಲಿ ಸುತ್ತುವ ಚಕ್ರಕ್ಕೆ ಒಂದು ಮರಳುಕಣವೂ ಬಂದೂಕಿನ ಗುಂಡಿನಂತೆ. ಏರ್ ಫಿಲ್ಟರನ್ನು ಹೊತ್ತಿಗೆ ಸರಿಯಾಗಿ ಬದಲಾಯಿಸಿ. ವರ್ಷಗಳು ಕಳೆದಂತೆ ರಬ್ಬರ್ ಪೈಪುಗಳು ಬಿರಿಯುತ್ತವೆ. ಬುಸುಗುಟ್ಟುವ ಸದ್ದು, ಕಪ್ಪು ಹೊಗೆ, ಎಳೆತದ ಸೋಲು ಮೂರೂ ಕೂಡಿದರೆ ಬಹುಶಃ ಪೈಪು ಸೋರುತ್ತಿದೆ. ಅದು ಸಣ್ಣ ಖರ್ಚಿನ ಕಾಯಿಲೆ. ಹೊಗೆ ನೀಲಿಯಾದರೆ ಮಾತ್ರ ತಡಮಾಡದೆ ನಿಲ್ಲಿಸಿ.

ಟರ್ಬೊವನ್ನೇ ಬದಲಾಯಿಸಬೇಕಾಗಿ ಬಂದರೆ, ಹಳೆಯದು ಏಕೆ ಹೋಯಿತೆಂದು ಮೊದಲು ಕೇಳಿ. ಕಟ್ಟಿದ ಕೊಳವೆಯನ್ನು ಹಾಗೆಯೇ ಬಿಟ್ಟು ಹೊಸದನ್ನು ಕೂಡಿಸಿದರೆ ಹೊಸದೂ ಅದೇ ಹಾದಿ ಹಿಡಿಯುತ್ತದೆ. ಗಾಳಿಯ ದಾರಿಯಲ್ಲಿ ನಿಂತ ಆಯಿಲನ್ನೂ ತೊಳೆಸಿ.

ಮರೆವು ನನ್ನೊಬ್ಬನ ಸೊತ್ತಲ್ಲ. ಅಮೆರಿಕದಲ್ಲಿ ೧೯೬೨ರಲ್ಲಿ ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಎಂಬ ಕಾರು ಬಂತು. ಟರ್ಬೊ ಹೊತ್ತು ಮಾರಾಟಕ್ಕೆ ಬಂದ ಮೊದಲ ಕಾರುಗಳಲ್ಲಿ ಅದೂ ಒಂದು. ಇಂಜಿನ್ನು ಬಡಿದುಕೊಳ್ಳದಂತೆ ನೀರೂ ಮದ್ಯಸಾರವೂ ಬೆರೆತ ಒಂದು ದ್ರವವನ್ನು ಒಡೆಯರು ಆಗಾಗ ತುಂಬಬೇಕಾಗಿತ್ತು. ಅನೇಕರು ಮರೆತರು. ತೊಂದರೆ ಬೆಳೆದು, ೧೯೬೫ರಲ್ಲಿ ತಯಾರಕರೇ ಟರ್ಬೊವನ್ನು ಬಿಚ್ಚಿ ಸಾಮಾನ್ಯ ಕಾರ್ಬುರೇಟರ್ ಕೂಡಿಸಿಕೊಡಲು ಮುಂದಾದರು.

ಸಂಸ್ಕೃತದಲ್ಲಿ ‘ಸ್ನೇಹ’ ಎಂಬ ಶಬ್ದಕ್ಕೆ ಎಣ್ಣೆ ಎಂಬ ಅರ್ಥವೂ ಉಂಟು, ಒಲವೆಂಬ ಅರ್ಥವೂ ಉಂಟು. ತರಗತಿಯಲ್ಲಿ ಇದನ್ನು ಎಷ್ಟೋ ಸಲ ಹೇಳಿದ್ದೆ, ಅರ್ಥವಾದದ್ದು ಘಾಟಿಯಲ್ಲಿ.

೨೦೨೪ರ ನವೆಂಬರಿನಲ್ಲಿ ಅದೇ ಕಾರಿನಲ್ಲಿ, ಅದೇ ತಾಯಿಯೊಡನೆ, ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಂತೆವು. ನಾನು ಇಂಜಿನ್ನನ್ನು ಬಂದ್ ಮಾಡದೆ ಕುಳಿತಿದ್ದೆ. “ಇಳಿಯೋದಿಲ್ವೇನೋ?” ಎಂದರು ತಾಯಿ.

“ಒಂದು ನಿಮಿಷ ಅಮ್ಮ. ಇದು ಸುಧಾರಿಸಿಕೊಳ್ಳಲಿ” ಎಂದೆ.

ಅವರೂ ಇಳಿಯದೆ ನನ್ನ ಜೊತೆಯಲ್ಲೇ ಕುಳಿತರು.