ಕುಲಾಂತರಿ ಬೆಳೆ: ಗಾಳಿಮಾತೂ ನಿಜಸಂಗತಿಯೂ



ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಯ ಒಕ್ಕಲುಮಕ್ಕಳಿಗೆ ಬೀಜವೆಂಬುದು ಬರಿಯ ಸರಕಲ್ಲ. ವರುಷದ ಬಾಳುವೆಯೇ ಅದರಲ್ಲಡಗಿರುವುದು. ಆದುದರಿಂದ ಹೊಸ ಬೀಜವನ್ನು ಕುರಿತು ಅವರು ಶಂಕಿಸುವುದು ಸಹಜವೂ ಯೋಗ್ಯವೂ ಆಗಿದೆ. ಆದರೆ ಶಂಕೆ ಬೇರೆ, ಗಾಳಿಮಾತು ಬೇರೆ. ಶಂಕೆಯು ಉತ್ತರವನ್ನು ಬೇಡುವುದು; ಗಾಳಿಮಾತು ಉತ್ತರಕ್ಕೆ ಕಾಯುವುದಿಲ್ಲ.

1998ರಲ್ಲಿ ರಾಯಚೂರು ಜಿಲ್ಲೆಯಲ್ಲಿ ಬಿಟಿ ಹತ್ತಿಯ ಪ್ರಯೋಗ ನಡೆದಾಗ, ಅದು ಮರಳಿ ಮೊಳೆಯದ ‘ಟರ್ಮಿನೇಟರ್’ ಬೀಜವೆಂಬ ಸುದ್ದಿ ಹಬ್ಬಿತು. ಹೊಲದ ಪೈರು ಬೆಂಕಿಗೆ ಆಹುತಿಯಾಯಿತು. ಅಂತಹ ಬೀಜಕ್ಕೆ ಅಮೇರಿಕೆಯಲ್ಲಿ ಪೇಟೆಂಟು ದೊರೆತಿದ್ದುದು ನಿಜ. ಆದರೆ ಅದು ಎಂದೂ ಮಾರಾಟಕ್ಕೆ ಬರಲಿಲ್ಲ. ಆ ಹೊಲಗಳಲ್ಲಿಯೂ ಇರಲಿಲ್ಲ.

ಮುಂದೆ ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಮಾಲಾಪುರ, ಕುಡಚಿ, ರಬಕವಿ ಮುಂತಾದ ನಾಡತಳಿಗಳಲ್ಲಿಯೇ ಬಿಟಿ ಬದನೆಯನ್ನು ಸಿದ್ಧಪಡಿಸಿತು. ಅದರ ವಂಶವಾಹಿಯು ಮಹಿಕೋ ಕಂಪನಿಯಿಂದ ಬಂದುದು; ಆದರೂ ಆ ತಳಿಗಳು ಸಂಕರವಲ್ಲವಾದುದರಿಂದ ಅವುಗಳ ಬೀಜವನ್ನು ರೈತನು ಕಾದಿರಿಸಿ ಮರಳಿ ಬಿತ್ತಬಹುದಾಗಿದ್ದಿತು.

ಬಿಟಿ ಬದನೆಯು ವಿಷವೆಂಬ ಮಾತಿಗೆ ಶಾಸ್ತ್ರಜ್ಞರ ಸಮಾಧಾನವಿದು: ಮಣ್ಣಿನಲ್ಲಿ ವಾಸಿಸುವ ಒಂದು ಸೂಕ್ಷ್ಮಜೀವಿಯ ಪ್ರೋಟೀನು ಆ ಗಿಡದಲ್ಲಿರುವುದು. ಕಾಯಿಕೊರಕ ಹುಳುವಿನ ಕರುಳು ಕ್ಷಾರಯುಕ್ತವಾದುದು. ಅಲ್ಲಿ ಅದು ಕರಗಿ, ತನಗೆ ತಕ್ಕ ತಾಣಕ್ಕೆ ಅಂಟಿ, ಕರುಳನ್ನು ಛಿದ್ರಿಸುವುದು. ಮನುಷ್ಯನ ಜಠರವು ಆಮ್ಲಯುಕ್ತವಾದುದು. ಅಲ್ಲಿ ಅದು ಬೇಳೆಯ ಪ್ರೋಟೀನಿನಂತೆ ಜೀರ್ಣವಾಗುವುದು. ಅಂಟುವ ತಾಣವೂ ಮನುಷ್ಯನ ಕರುಳಿನಲ್ಲಿಲ್ಲ. ಕುಲಾಂತರಿಯನ್ನು ಉಂಡವರ ಕುಲವೇ ಕೆಡುವುದೆಂಬ ಭಯವೂ ನಿರಾಧಾರ. ರೊಟ್ಟಿಯ ಒಂದೊಂದು ತುತ್ತಿನಲ್ಲಿಯೂ ಜೋಳದ ಸಾವಿರಾರು ವಂಶವಾಹಿಗಳಿವೆ. ಜೋಳವನ್ನುಂಡು ಯಾರೂ ಜೋಳವಾಗಲಿಲ್ಲ.

2009ರಲ್ಲಿ ತಜ್ಞಸಮಿತಿಯು ಬಿಟಿ ಬದನೆಗೆ ಒಪ್ಪಿಗೆಯಿತ್ತಿತು. ಆದರೆ ಶಾಸ್ತ್ರಜ್ಞರಲ್ಲಿಯೇ ಒಮ್ಮತವಿಲ್ಲವೆಂದೂ, ಸ್ವತಂತ್ರ ಪರೀಕ್ಷೆಗಳು ಇನ್ನೂ ಆಗಬೇಕೆಂದೂ ಕೇಂದ್ರ ಸಚಿವ ಜೈರಾಮ ರಮೇಶರು 2010ರ ಫೆಬ್ರುವರಿ 9ರಂದು ಅದನ್ನು ತಡೆಹಿಡಿದರು. ನೆರೆಯ ಬಾಂಗ್ಲಾದೇಶವು 2013ರಲ್ಲಿ ಒಪ್ಪಿ, 2014ರಲ್ಲಿ 20 ಮಂದಿ ರೈತರಿಗೆ ಸಸಿಗಳನ್ನು ಹಂಚಿತು.

ಇಷ್ಟರಿಂದ ಶಾಸ್ತ್ರಜ್ಞರ ಹೊಣೆ ತೀರಲಿಲ್ಲ. 2002ರಲ್ಲಿ ಒಪ್ಪಿಗೆ ಪಡೆದ ಬಿಟಿ ಹತ್ತಿಯನ್ನು ಗುಲಾಬಿ ಕಾಯಿಕೊರಕವು ಕಾಲಕ್ರಮದಲ್ಲಿ ಜೀರ್ಣಿಸಿಕೊಂಡಿತು. ಇದೂ ಸತ್ಯವೇ, ಇದನ್ನೂ ಹೇಳಬೇಕು. ಗುಣವನ್ನಷ್ಟೇ ಸಾರಿ ದೋಷವನ್ನು ಮರೆಮಾಚಿದ ದಿನ ಗಾಳಿಮಾತಿಗೆ ಬಾಗಿಲು ತೆರೆದಂತಾಗುವುದು. ಊರ ಕಟ್ಟೆಯ ಮೇಲೆ ಒಕ್ಕಲಿಗನ ಸರಿಸಮಕ್ಕೆ ಕುಳಿತು, ತಿಳಿದುದನ್ನೂ ತಿಳಿಯದುದನ್ನೂ ತಿಳಿಗನ್ನಡದಲ್ಲಿ ಹೇಳುವ ಶಾಸ್ತ್ರಜ್ಞನ ಮಾತೇ ನಿಲ್ಲುವ ಮಾತು.