ಕಣ್ಣಿಲ್ಲದ ಮಕ್ಕಳಿಗೆ ನಮ್ಮ ಪುಸ್ತಕಗಳು



ಕೃತಕ ಬುದ್ಧಿಮತ್ತೆಯಿಂದ ವಿಶೇಷ ಮಕ್ಕಳ ಕಲಿಕೆಗೆ ಏನು ಉಪಯೋಗ ಎಂದು ಮಾತಾಡಲು ಹೇಳಿದ್ದೀರಿ. ವಿಷಯ ದೊಡ್ಡದು, ನಾನು ಕಣ್ಣು ಕಾಣದ ಮಕ್ಕಳ ಓದಿನ ಬಗ್ಗೆ ಮಾತ್ರ ಹೇಳುತ್ತೇನೆ. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಕಂಡ ನಮಗೆ ಇದು ಹೊಸ ಚಿಂತೆಯಲ್ಲ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಇಬ್ಬರೂ ಅಂಧರೇ. ಅಲ್ಲಿ ಅಂಧ ಮಕ್ಕಳಿಗೆ ಸಂಗೀತವೂ ಸಿಕ್ಕಿತು, ಅನ್ನವೂ ಸಿಕ್ಕಿತು.

ಈಗ ಪುಸ್ತಕದ ಪುಟಕ್ಕೆ ಫೋನ್ ಹಿಡಿದರೆ ಅದು ಅಕ್ಷರ ಗುರುತಿಸಿ ಗಟ್ಟಿಯಾಗಿ ಓದುತ್ತದೆ. ಒಬ್ಬ ಹುಡುಗನಿಗೆ ಹಳೆಯ ವಚನ ಪುಸ್ತಕವೊಂದನ್ನು ಹೀಗೆ ಓದಿಸಿದೆ. ‘ಮ’ ಇದ್ದಲ್ಲಿ ‘ವು’ ಎಂದಿತು, ಕೆಲವು ಒತ್ತಕ್ಷರಗಳನ್ನು ನುಂಗಿತು. “ಅಜ್ಜಾರ, ಇದು ತಪ್ಪು ಓದಾಕತ್ತೈತಿ” ಎಂದು ಹುಡುಗನೇ ಹಿಡಿದ. ಅವನಿಗೆ ಆ ವಚನ ಬಾಯಿಪಾಠವಿತ್ತು. ಬಾಯಿಪಾಠವಿಲ್ಲದ ಮಗು ತಪ್ಪನ್ನೇ ಕಲಿಯುತ್ತಿತ್ತು.

ಯಂತ್ರವನ್ನು ಬಯ್ಯುವ ಮೊದಲು ನಮ್ಮ ಮನೆ ನೋಡಿಕೊಳ್ಳೋಣ. ನಮ್ಮ ಮಠಗಳ ಪುಸ್ತಕಗಳು ಕಂಪ್ಯೂಟರಿನಲ್ಲೇ ಟೈಪಾಗುತ್ತವೆ. ಆ ಫೈಲನ್ನೇ ಕೊಟ್ಟರೆ ಫೋಟೋ ತೆಗೆದು ಊಹಿಸುವ ಕೆಲಸವೇ ಬೇಡ. ಆದರೆ ಎಷ್ಟೋ ಫೈಲುಗಳು ಹಳೆಯ ನುಡಿ, ಬರಹ ಫಾಂಟಿನಲ್ಲಿವೆ. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಓದುವ ತಂತ್ರಾಂಶ ಏನೇನೋ ಒದರುತ್ತದೆ. ನಾನೇ ಅಚ್ಚು ಹಾಕಿಸಿದ ಕಿರುಹೊತ್ತಗೆಯ ಗತಿಯೂ ಅದೇ ಆಯಿತು. ಇಷ್ಟು ವರ್ಷ ಎಂಜಿನಿಯರಾಗಿದ್ದೂ ನನಗೆ ಹೊಳೆದಿರಲಿಲ್ಲ. ಯೂನಿಕೋಡಿಗೆ ಬದಲಿಸಿದರೆ ಅದೇ ಫೈಲಿನಿಂದ ಧ್ವನಿಯೂ ಬರುತ್ತದೆ, ಬ್ರೈಲ್ ಪುಟವೂ ಬರುತ್ತದೆ.

ಬ್ರೈಲ್ ಮಾತು ಬಂತಲ್ಲ. “ಫೋನೇ ಓದುವಾಗ ಬ್ರೈಲ್ ಮಾಸ್ತರು ಯಾಕೆ?” ಎಂದು ಕೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕೇಳಿಯೇ ಕಲಿತ ಮಗುವಿಗೆ ಅರ್ಥ ಗೊತ್ತಿರುತ್ತದೆ, ಕಾಗುಣಿತ ಗೊತ್ತಿರುವುದಿಲ್ಲ. ಎಲ್ಲಿ ‘ಲ’, ಎಲ್ಲಿ ‘ಳ’, ಎಲ್ಲಿ ಮಹಾಪ್ರಾಣ ಎಂಬುದು ಆ ಆರು ಚುಕ್ಕೆಗಳ ಮೇಲೆ ಬೆರಳಾಡಿಸಿದಾಗ ಮನಸ್ಸಿನಲ್ಲಿ ನಿಲ್ಲುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕೂಡ ಬ್ರೈಲ್ ಬಲ್ಲ ಶಿಕ್ಷಕರನ್ನು ನೇಮಿಸಬೇಕೆನ್ನುತ್ತದೆ.

ಫೈಲು ಬದಲಿಸುವ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಆ ಕೆಲಸ ನಾನು ಮಾಡಿಕೊಡುತ್ತೇನೆ. ಬದಲಿಸಿದ ಮೇಲೆ ಸಾಲುಸಾಲಾಗಿ ತಿದ್ದಬೇಕು, ಅದಕ್ಕೆ ವಚನ ಬಲ್ಲ ನಾಲ್ಕು ಜನ ಬೇಕು. ನಿವೃತ್ತ ಕನ್ನಡ ಮೇಷ್ಟ್ರುಗಳು ಈ ಸಭೆಯಲ್ಲೇ ಬಹಳ ಮಂದಿ ಕಾಣುತ್ತಿದ್ದಾರೆ. ಪ್ರಸಾದ ಮುಗಿಯುವವರೆಗೆ ನಾನು ಇಲ್ಲೇ ಇರುತ್ತೇನೆ. ಹೆಸರು ಬರೆಸಿ, ಪೆನ್‌ಡ್ರೈವ್ ತಂದವರು ಕೊಡಿ.