ನುಡಿಸಿದ್ದು ಪಾಕೋ, ಕಾಗದದ ಮೇಲೆ ಇನ್ನೊಂದು ಹೆಸರು

ಮೆಟ್ರೋದಲ್ಲಿ ನಿಂತ್ಕೊಂಡು ಕೇಳ್ತಿದ್ರೆ ಒಂದು ಕೈ ಕಂಬದ ಮೇಲೇ ಇರ್ಲಿ, ಇವತ್ತಿನ ಕಥೆ ಸ್ವಲ್ಪ ಉದ್ದ ಇದೆ.

ಮೊದಲು ನನ್ನದೇ ಒಂದು ವಿಷಯ ಒಪ್ಪಿಕೊಳ್ತೀನಿ. ಪ್ರತಿ ಸಂಚಿಕೆಯ ಶುರುವಿನಲ್ಲಿ ಹತ್ತು ಸೆಕೆಂಡ್ ಗಿಟಾರ್ ಕೇಳ್ತೀರಲ್ಲ, ಅದನ್ನ ಮಾಡಿದ್ದು ನಾನಲ್ಲ. ಪಿಜಿಯಲ್ಲಿ ನನ್ನ ರೂಮ್‌ಮೇಟ್ ಆಗಿದ್ದವನು ಒಂದು ಭಾನುವಾರ ಮಂಚದ ಮೇಲೆ ಕೂತು ಫೋನಿನಲ್ಲೇ ರೆಕಾರ್ಡ್ ಮಾಡಿಕೊಟ್ಟಿದ್ದು. ನಾನು ಕೊಟ್ಟಿದ್ದು ಒಂದು ಬಿರಿಯಾನಿ. ಕಳೆದ ತಿಂಗಳು ಒಬ್ರು ಆ ಟ್ಯೂನನ್ನ ಜಾಹೀರಾತಿಗೆ ಬಳಸ್ಕೊಳ್ತೀವಿ ಅಂತ ಒಂದು ಫಾರ್ಮ್ ಕಳಿಸಿದ್ರು. 'ಸಂಗೀತ ಸಂಯೋಜಕರ ಹೆಸರು' ಅಂತ ಒಂದು ಖಾಲಿ ಜಾಗ. ನಾಚಿಕೆ ಬಿಟ್ಟು ಹೇಳ್ತೀನಿ, ಅಲ್ಲಿ ನನ್ನ ಹೆಸರನ್ನ ಟೈಪ್ ಮಾಡಿಬಿಟ್ಟಿದ್ದೆ. ಕಳಿಸಿರಲಿಲ್ಲ, ಅಷ್ಟೇ.

ಅದೇ ವಾರ ನಾನು ಪಾಕೋ ದೆ ಲುಸೀಯಾ ಬಗ್ಗೆ ಓದ್ತಾ ಇದ್ದೆ. ಸ್ಪೇನ್‌ನ ಫ್ಲಮೆಂಕೋ ಗಿಟಾರ್ ವಾದಕ, ಸಂಯೋಜಕ, ರೆಕಾರ್ಡ್ ನಿರ್ಮಾಪಕ. ಫ್ಲಮೆಂಕೋ ಅಂದ್ರೆ ನಮ್ಮಲ್ಲಿ ತುಂಬಾ ಜನಕ್ಕೆ 2011ರ 'ಜಿಂದಗಿ ನಾ ಮಿಲೇಗಿ ದೊಬಾರಾ' ಸಿನಿಮಾದ 'ಸೆನ್ಯೋರೀಟಾ' ಹಾಡೇ ಮೊದಲ ಪರಿಚಯ. ನನಗೂ ಅಷ್ಟೇ. ಆದ್ರೆ ಆ ಶೈಲಿಯ ಗಿಟಾರನ್ನ ಇಡೀ ಜಗತ್ತಿನ ಕಿವಿಗೆ ಮುಟ್ಟಿಸಿದವರಲ್ಲಿ ದೊಡ್ಡ ಹೆಸರು ಪಾಕೋ ಅವರದ್ದು.

ಹುಟ್ಟಿದ್ದು 1947ರ ಡಿಸೆಂಬರ್ 21, ಸ್ಪೇನ್‌ನ ದಕ್ಷಿಣದ ಬಂದರು ಊರು ಅಲ್ಹೆಸೀರಾಸ್‌ನಲ್ಲಿ. ಒಂದು ಕಡೆ ಜಿಬ್ರಾಲ್ಟರ್, ನೀರಿನಾಚೆ ಮೊರಾಕ್ಕೋ. ಅಪ್ಪ ಅಂತೋನಿಯೋ ಹಗಲು ಬಟ್ಟೆ ಮಾರಿ, ರಾತ್ರಿ ಗಿಟಾರ್ ನುಡಿಸಿ ಸಂಸಾರ ನಡೆಸ್ತಿದ್ದವರು. ಅಮ್ಮ ಲುಸೀಯಾ ಪೋರ್ಚುಗಲ್ ಕಡೆಯವರು. ಪಾಕೋ ಅಂತ ಆ ಬೀದಿಯಲ್ಲಿ ಬೇಕಾದಷ್ಟು ಹುಡುಗರು ಇದ್ದಿದ್ರಿಂದ ಇವನು 'ಲುಸೀಯಾ ಮಗ ಪಾಕೋ' ಆದ. ನಮ್ಮೂರಲ್ಲಿ 'ಸಾವಿತ್ರಮ್ಮನ ಮಗ ಮಂಜ' ಅಂತಾರಲ್ಲ, ಹಾಗೆ. ಅದೇ ಮುಂದೆ ರೆಕಾರ್ಡ್ ಮೇಲೆ ಅಚ್ಚಾಯ್ತು.

ಮನೆಯಲ್ಲಿ ದುಡ್ಡಿಲ್ಲ, ಶಾಲೆ ಬೇಗನೇ ನಿಂತುಹೋಯ್ತು. ಅಪ್ಪ ಮಗನ ಕೈಗೆ ಗಿಟಾರ್ ಕೊಟ್ಟು ದಿನಕ್ಕೆ ಗಂಟೆಗಟ್ಟಲೆ ಕೂರಿಸಿದರು. ಹದಿಹರೆಯದಲ್ಲೇ ಹೊಸೆ ಗ್ರೆಕೋ ಅನ್ನೋರ ನೃತ್ಯ ತಂಡದ ಜೊತೆ ಹುಡುಗ ಅಮೆರಿಕಕ್ಕೆ ಹೋದ. ಅಲ್ಲಿ ಸಾಬೀಕಾಸ್ ಅನ್ನೋ ದೊಡ್ಡ ಗಿಟಾರಿಗ ಇವನ ಕೈಚಳಕ ಕೇಳಿ ಒಂದು ಮಾತು ಹೇಳಿದ್ರು: ಬೇರೆಯವರದ್ದನ್ನ ನುಡಿಸೋದು ಬಿಡು, ನಿನ್ನದೇ ಸಂಗೀತ ಕಟ್ಟು. ಸರಿ, ಹುಡುಗ ಕಟ್ಟೋಕೆ ಶುರು ಮಾಡಿದ. ಸಮಸ್ಯೆ ಏನಪ್ಪಾ ಅಂದ್ರೆ, ಅವನಿಗೆ ಸ್ವರಲಿಪಿ ಬರೆಯೋಕೆ ಬರ್ತಿರಲಿಲ್ಲ. ಕಿವಿ ಮತ್ತು ಬೆರಳು, ಅಷ್ಟೇ ಆಸ್ತಿ.

1973ರಲ್ಲಿ 'ಫ್ವೆಂತೆ ಇ ಕೌದಾಲ್' ಅನ್ನೋ ಆಲ್ಬಮ್ ರೆಕಾರ್ಡಿಂಗ್. ಡಿಸ್ಕ್ ತುಂಬೋಕೆ ಇನ್ನೊಂದು ಟ್ರ್ಯಾಕ್ ಬೇಕಿತ್ತು. ಸ್ಟುಡಿಯೋದಲ್ಲೇ, ಹಿಂದೆ ಒಂದು ಬೇಸ್ ಗಿಟಾರ್, ಬೊಂಗೋ ಇಟ್ಕೊಂಡು, ಹೆಚ್ಚುಕಮ್ಮಿ ಆಶುವಾಗಿ ಒಂದು ರುಂಬಾ ನುಡಿಸಿದರು. ಹೆಸರು 'ಎಂತ್ರೆ ದೋಸ್ ಆಗ್ವಾಸ್', ಅಂದ್ರೆ ಎರಡು ನೀರುಗಳ ನಡುವೆ. ಜಾಗ ತುಂಬಿಸೋಕೆ ಬಂದ ಆ ತುಣುಕು ಸಿಂಗಲ್ ಆಗಿ ಹೊರಬಂದು ಸ್ಪೇನ್‌ನಲ್ಲಿ ಎಲ್ಲ ಕಡೆ ಹರಡಿತು. ಹಾಡೇ ಇಲ್ಲದ ಗಿಟಾರ್ ಸಂಗೀತ ಹಿಟ್ ಆಗೋದು ಯಾವ ಕಾಲಕ್ಕೂ ಅಪರೂಪ. 1975ಕ್ಕೆ ಪಾಕೋ ಮ್ಯಾಡ್ರಿಡ್‌ನ ತೆಯಾತ್ರೋ ರೆಯಾಲ್ ವೇದಿಕೆಯಲ್ಲಿದ್ರು.

ಈಗ ಬಿ.ಕಾಂ. ಬುದ್ಧಿ ಉಪಯೋಗಿಸೋಣ. ಒಂದು ಟ್ಯೂನ್‌ನಿಂದ ಎರಡು ದಾರಿಯಲ್ಲಿ ದುಡ್ಡು ಬರುತ್ತೆ. ನುಡಿಸಿದವನಿಗೆ, ಹಾಡಿದವನಿಗೆ ರೆಕಾರ್ಡಿಂಗ್ ಕಡೆಯಿಂದ ಪಾಲು. ಕಟ್ಟಿದವನಿಗೆ, ಅದನ್ನ ಯಾರೇ ನುಡಿಸಲಿ, ಯಾವ ರೇಡಿಯೋ ಹಾಕಲಿ, ಪ್ರತಿ ಸಲವೂ ಪಾಲು. ಎರಡನೆಯದು ಸಣ್ಣ ಮೊತ್ತ ಅನ್ನಿಸುತ್ತೆ, ಆದ್ರೆ ಜೀವಮಾನ ಮುಗಿದ ಮೇಲೂ ಹರಿಯುತ್ತೆ. ಆ ಪಾಲು ಬೇಕಂದ್ರೆ ಹೆಸರು ನೋಂದಾಯಿಸಬೇಕು. ಆಗಿನ ಸ್ಪೇನ್‌ನಲ್ಲಿ ನೋಂದಾಯಿಸಬೇಕಂದ್ರೆ ಸ್ವರಲಿಪಿ ಕಾಗದದ ಮೇಲಿರಬೇಕು. ಪಾಕೋಗೆ ಬರೆಯೋಕೆ ಬರಲ್ಲ. ಹಾಗಾಗಿ ಹೊಸೆ ತೊರೆಗ್ರೋಸಾ ಅನ್ನೋ ಸಂಗೀತಗಾರರು ಕೇಳಿ ಬರೆದುಕೊಟ್ರು. 'ಎಂತ್ರೆ ದೋಸ್ ಆಗ್ವಾಸ್' ಸೇರಿ ಎಷ್ಟೋ ಕೃತಿಗಳಿಗೆ ದಾಖಲೆಯಲ್ಲಿ ಎರಡು ಹೆಸರು ಬಂತು. ಕಟ್ಟಿದವರದ್ದೊಂದು, ಬರೆದುಕೊಟ್ಟವರದ್ದೊಂದು.

ಇಲ್ಲೊಂದು ತಮಾಷೆ ನೋಡಿ. 1991ರಲ್ಲಿ ಇದೇ ಪಾಕೋ, ಹೊವಾಕಿನ್ ರೊದ್ರೀಗೋ ಅವರ 'ಕೊಂಸ್ಯೆರ್ತೋ ದೆ ಅರಾನ್ಹ್ವೆಸ್' ಕಲಿತು ಆರ್ಕೆಸ್ಟ್ರಾ ಜೊತೆ ನುಡಿಸಿದರು. ಸ್ವರಲಿಪಿ ಓದಿ ಅಭ್ಯಾಸ ಇಲ್ಲದ ಮನುಷ್ಯ ತಿಣುಕಾಡಿ ಕಲಿತಿದ್ದು. ಸಭೆಯಲ್ಲಿ ರೊದ್ರೀಗೋ ಅವರೇ ಕೂತಿದ್ರು, ವಯಸ್ಸು 89. ರೊದ್ರೀಗೋಗೆ ಚಿಕ್ಕಂದಿನಿಂದ ಕಣ್ಣು ಕಾಣ್ತಿರಲಿಲ್ಲ. ಬ್ರೈಲ್‌ನಲ್ಲಿ ಬರೆದಿದ್ದನ್ನ ಬೇರೆಯವರು ಮಾಮೂಲಿ ಸ್ವರಲಿಪಿಗೆ ಇಳಿಸ್ತಿದ್ರು. ಹಾಗೆ ಇಳಿಸಿದವರನ್ನ ಆ ಕೃತಿಯ ಸಹಸಂಯೋಜಕರು ಅಂತ ಯಾರೂ ಕರೆಯೋದಿಲ್ಲ.

ಆದ್ರೆ ಪಾಕೋ ಬರೀ ಮೋಸಹೋದವರು ಅಂತ ಕಥೆ ಕಟ್ಟಿಬಿಟ್ರೆ ಅದು ಅರ್ಧ ಸತ್ಯ. ಇನ್ನೊಂದು ಅರ್ಧ ಕಮರೋನ್ ದೆ ಲಾ ಇಸ್ಲಾ. ಜಿಪ್ಸಿ ಸಮುದಾಯದ ಗಾಯಕ, ಪಾಕೋಗಿಂತ ಮೂರು ವರ್ಷ ಚಿಕ್ಕವರು. 1969ರಿಂದ 1977ರ ತನಕ ಇಬ್ಬರೂ ಸೇರಿ ಒಂಬತ್ತು ಆಲ್ಬಮ್ ಮಾಡಿದರು. ಇವತ್ತಿಗೂ ಫ್ಲಮೆಂಕೋ ಹಾಡೋರು ಆ ರೆಕಾರ್ಡ್‌ಗಳನ್ನ ಪಾಠದ ಥರ ಕೇಳ್ತಾರೆ. ಅವುಗಳ ಉಸ್ತುವಾರಿ ಪಾಕೋ ಅವರ ಅಪ್ಪನದ್ದು. ಎಷ್ಟೋ ಹಾಡುಗಳಿಗೆ ಕರ್ತೃ ಅಂತ ಇದ್ದದ್ದು ಅಪ್ಪ-ಮಗನ ಹೆಸರು. ಫ್ಲಮೆಂಕೋದಲ್ಲಿ ಹಳೇ ಮಟ್ಟು ಇರುತ್ತೆ, ಯಾರೋ ಸಾಲು ಬರೀತಾರೆ, ಗಾಯಕ ಅದನ್ನ ಉಸಿರಲ್ಲಿ ಎಳೆದು ಬೇರೆಯದೇ ಮಾಡ್ತಾನೆ. ಅದರಲ್ಲಿ ಗಾಯಕನದ್ದು ಎಷ್ಟು ಪಾಲು? ಯಾವ ಫಾರ್ಮಿನಲ್ಲೂ ಅದಕ್ಕೊಂದು ಕಾಲಂ ಇಲ್ಲ.

1992ರ ಜುಲೈ 2ರಂದು ಕಮರೋನ್ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. ವಯಸ್ಸು 41. ಅವರ ಕೊನೆಯ ಆಲ್ಬಮ್ ಕೆಲಸದಲ್ಲೂ ಪಾಕೋ ಜೊತೆಗಿದ್ರು. ಆ ದುಃಖದ ನಡುವೆಯೇ ಮಾತು ಎದ್ದಿತು, ರಾಯಲ್ಟಿ ಎಲ್ಲಾ ಪಾಕೋ ಮನೆಗೆ ಹೋಯ್ತು, ಹಾಡಿದವನ ಹೆಂಡತಿ-ಮಕ್ಕಳಿಗೆ ಏನು ಉಳೀತು ಅಂತ. ಪಾಕೋ ಅದನ್ನ ಒಪ್ಪಲಿಲ್ಲ. ಗೆಳೆಯನ ದುಡ್ಡು ತಿಂದ ಅನ್ನೋ ಮಾತು ಅವರನ್ನ ಒಳಗೊಳಗೇ ತಿಂತು, ಸ್ವಲ್ಪ ಕಾಲ ವೇದಿಕೆಯಿಂದಲೇ ದೂರ ಉಳಿದರು. ನನ್ನ ಅನಿಸಿಕೆ ಕೇಳ್ತೀರಾ? ಕದ್ದಿದ್ದಾರೆ ಅಂತ ನನಗೆ ಅನ್ನಿಸಲ್ಲ. ಆದ್ರೆ ಇಪ್ಪತ್ತರ ವಯಸ್ಸಲ್ಲಿ, ಅಪ್ಪ ಎಲ್ಲಾ ನೋಡ್ಕೊಳ್ತಿದ್ದಾಗ, ಯಾರ ಹೆಸರು ಎಲ್ಲಿ ಹಾಕ್ತಿದೀರಿ ಅಂತ ಯಾರೂ ಯಾರನ್ನೂ ಕೇಳಿರಲಿಕ್ಕಿಲ್ಲ. ಪಿಜಿ ಮಂಚದ ಮೇಲೆ ನಾನೂ ಕೇಳಲಿಲ್ಲ.

1998ರ 'ಲುಸೀಯಾ' ಆಲ್ಬಮ್ ಅಮ್ಮನ ಹೆಸರಲ್ಲಿ. ಅದರಲ್ಲಿ ಕಮರೋನ್‌ಗಾಗಿ ಒಂದು ತುಣುಕು ಇದೆ. ಗಿಟಾರ್ ಬಿಟ್ರೆ ಬಾಯಿ ತೆರೆಯದ ಮನುಷ್ಯ ಅಲ್ಲಿ ತಾನೇ ಹಾಡಿದ್ದಾರೆ. ಗಾಯಕರ ಗಂಟಲೇನಲ್ಲ ಅದು, ಒರಟು. ನಾನು ಎರಡು ಸಲ ಮಾತ್ರ ಕೇಳೋಕೆ ಆಯ್ತು. 2004ರ 'ಕೊಸೀತಾಸ್ ಬ್ವೆನಾಸ್'ನಲ್ಲಿ ಸತ್ತು ಹನ್ನೆರಡು ವರ್ಷವಾದ ಕಮರೋನ್ ದನಿಯನ್ನ ಹಳೇ ರೆಕಾರ್ಡಿಂಗ್‌ನಿಂದ ತೆಗೆದು, ಅದರ ಜೊತೆ ಗಿಟಾರ್ ನುಡಿಸಿದ್ದಾರೆ.

ಬೇರೆ ಸಾಧನೆಗಳನ್ನ ಬೇಗ ಹೇಳಿಬಿಡ್ತೀನಿ. 1980ರ ಡಿಸೆಂಬರ್ 5, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಲ್ ಡಿ ಮಿಯೋಲಾ, ಜಾನ್ ಮೆಕ್‌ಲಾಫ್ಲಿನ್ ಜೊತೆ ಮೂರು ಗಿಟಾರ್‌ಗಳ ಲೈವ್. ಮೆಕ್‌ಲಾಫ್ಲಿನ್ ಅಂದ್ರೆ ಜಾಕಿರ್ ಹುಸೇನ್, ವಿಕ್ಕು ವಿನಾಯಕರಾಂ ಜೊತೆ 'ಶಕ್ತಿ' ಕಟ್ಟಿದವರೇ. ಪೆರುವಿನಲ್ಲಿ ನೋಡಿದ ಕಹೋನ್, ಮರದ ಪೆಟ್ಟಿಗೆ ವಾದ್ಯ, ಅದನ್ನ ತಂದು ತನ್ನ ತಂಡದ ರೂಬೆಮ್ ದಾಂತಾಸ್ ಕೈಯಲ್ಲಿ ನುಡಿಸಿ ಫ್ಲಮೆಂಕೋಗೆ ಸೇರಿಸಿದ್ದೂ ಪಾಕೋ. ಈಗ ಚರ್ಚ್ ಸ್ಟ್ರೀಟ್ ಕಡೆ ಕೆಫೆಗಳಲ್ಲಿ ಹುಡುಗರು ಅದೇ ಪೆಟ್ಟಿಗೆ ಮೇಲೆ ಕೂತು ಬಡೀತಿರ್ತಾರೆ.

2014ರ ಫೆಬ್ರವರಿ 25, ಮೆಕ್ಸಿಕೋದಲ್ಲಿ ಹೃದಯಾಘಾತ. 66 ವರ್ಷ. ಅದಾಗಿ ಎಷ್ಟೋ ವರ್ಷದ ಮೇಲೆ ವಾರಸುದಾರರು ಹಾಕಿದ್ದ ಕೇಸಿನಲ್ಲಿ ಮ್ಯಾಡ್ರಿಡ್ ಕೋರ್ಟು ಹೇಳಿತು: ಆ ಕೃತಿಗಳ ಕರ್ತೃ ಪಾಕೋ ಒಬ್ಬರೇ, ಕೇಳಿ ಬರೆದುಕೊಟ್ಟದ್ದು ಸಂಯೋಜನೆ ಆಗಲ್ಲ. ಕೇಳೋಕೆ ಅವರಿರಲಿಲ್ಲ.

ನನ್ನ ಫಾರ್ಮ್ ವಿಷಯ. ಹೆಸರು ಅಳಿಸಿ, ಅದನ್ನ ಹಾಗೇ ನನ್ನ ಹಳೇ ರೂಮ್‌ಮೇಟ್‌ಗೆ ಫಾರ್ವರ್ಡ್ ಮಾಡಿದೆ. ಎರಡು ದಿನ ಬ್ಲೂ ಟಿಕ್ ಅಷ್ಟೇ. ಆಮೇಲೆ ರಿಪ್ಲೈ ಬಂತು: "ಯಾವ ಟ್ಯೂನ್ ಮಗಾ?" ಆಡಿಯೋ ಕಳಿಸಿದೆ. "ಓ, ಇದಾ. ಇನ್ನೂ ಇಟ್ಕೊಂಡಿದೀಯಾ?" ದುಡ್ಡು ಅವನ ಅಕೌಂಟಿಗೆ ಹೋಗುತ್ತೆ. ಹಳೇ ಸಂಚಿಕೆಗಳ ವಿವರಣೆಯಲ್ಲಿ ಅವನ ಹೆಸರು ಸೇರಿಸ್ತಾ ಇದೀನಿ, ಇನ್ನೂ ನಲವತ್ತು ಬಾಕಿ.

ಇವತ್ತು ರಾತ್ರಿ ಟೈಮ್ ಇದ್ರೆ 'ಎಂತ್ರೆ ದೋಸ್ ಆಗ್ವಾಸ್' ಹಾಕಿ. ಫೋನ್ ಸ್ಪೀಕರ್ ಬೇಡ, ಇಯರ್‌ಫೋನ್. ಆರು ನಿಮಿಷ ಅಷ್ಟೇ. ಮುಂದಿನ ವಾರ ಸಿಗೋಣ.